ಮುಚ್ಚಳಿಕೆಗೆ ಸಹಿ ಹಾಕಬೇಡ, ಪುಟ್ಟಿ

ಪುಟ್ಟಿ,

ವಸ್ತಿ ಬಸ್ಸು ನಿಲ್ಲಿಸಿ, ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ. ಕಂಡಕ್ಟರ್ ಮಲಗಿದ್ದಾನೆ. ಫೋನ್ ಮಾಡಿದರೆ ನಾನು ಮತ್ತೆ ದನಿ ಏರಿಸುತ್ತೇನೆ, ನೀನು ಮತ್ತೆ ಕಟ್ ಮಾಡುತ್ತೀಯ. ಅದಕ್ಕೇ ಕಾಗದ.

ಭಾನುವಾರ ಆಡಿದ್ದನ್ನೆಲ್ಲ ಮತ್ತೆ ಬರೆಯುವುದಿಲ್ಲ. ನೀನು ಉಣ್ಣದೆ ಧಾರವಾಡದ ಬಸ್ಸು ಹತ್ತಿದೆ. ಆಯಿ ನಿನ್ನ ತಟ್ಟೆಯನ್ನು ರಾತ್ರಿವರೆಗೂ ತೆಗೆಯಲಿಲ್ಲ. ಬಂದರು ಬೇಡ ಅಂತ ಹೆದ್ದಾರಿಯಲ್ಲಿ ಕೂತದ್ದಕ್ಕೆ ತಹಸೀಲ್ದಾರರು ಕೇಳಿದ ಮುಚ್ಚಳಿಕೆಗೆ "ಒಂದು ಸಹಿ ಹಾಕಿಬಿಡು, ಮುಗೀತು" ಅಂದೆನಲ್ಲ, ಆ ಮಾತನ್ನು ವಾಪಸ್ ತಗೊಳ್ಳುತ್ತಿದ್ದೇನೆ. ಯಾಕೆ ಅಂತ ನಿನಗೆ ಹೇಳಲೇಬೇಕು. ಇಷ್ಟು ವರ್ಷ ಹೇಳಲಿಲ್ಲ.

ಜಾಗ ಬಿಡಿಸುತ್ತಿದ್ದ ಕಾಲ ಅದು. ಸೀಬರ್ಡ್ ನೌಕಾನೆಲೆಗೆ 1986ರಲ್ಲಿ ಶಂಕುಸ್ಥಾಪನೆ ಆಯಿತು. ಆಮೇಲೆ ವರ್ಷಗಟ್ಟಲೆ ಈಗ ಏಳಬೇಕು, ಆಗ ಏಳಬೇಕು ಅನ್ನುವುದರಲ್ಲೇ ಕಳೆಯಿತು. ಕಾರವಾರ, ಅಂಕೋಲೆ ಕಡೆಯ ನಾಲ್ಕು ಸಾವಿರಕ್ಕೂ ಹೆಚ್ಚು ಕುಟುಂಬಗಳು ಕೊನೆಗೆ ಎದ್ದವು. ಅಜ್ಜ ದೇಶಕ್ಕೆ ಜಾಗ ಕೊಡುವುದಿಲ್ಲ ಅಂದವನಲ್ಲ. ಗುಂಟೆಗೆ ಸರಿಯಾದ ದರ ಕೊಡಿ, ದೋಣಿ ಎಳೆಯಲು ಬೇರೆ ಕಡೆ ಜಾಗ ತೋರಿಸಿ, ಅಷ್ಟೇ ಅವನು ಕೇಳಿದ್ದು. ಅದನ್ನು ಪ್ರತಿ ಸಭೆಯಲ್ಲೂ ಎದ್ದು ನಿಂತು ಹೇಳುತ್ತಿದ್ದ. ಮೈಕ್ ಬೇಕಿರಲಿಲ್ಲ ಅವನಿಗೆ. ಒಂದು ದಿನ ರಸ್ತೆಯಲ್ಲಿ ಕೂತವರನ್ನೆಲ್ಲ ವ್ಯಾನಿಗೆ ಹತ್ತಿಸಿದರು. ಅವರಲ್ಲಿ ಅಜ್ಜನೂ ಇದ್ದ.

ಮುಚ್ಚಳಿಕೆ ಬರೆದುಕೊಟ್ಟರೆ ಬಿಡುತ್ತಾರೆ ಅಂತ ಯಾರೋ ಬಂದು ಹೇಳಿದರು. ನನಗಾಗ ಇಪ್ಪತ್ತೆರಡು. ಅಜ್ಜಿ ಅನ್ನ ಮುಟ್ಟಿರಲಿಲ್ಲ. ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿದ್ದೆ, ಮನೆಯಲ್ಲಿ ಪೊಲೀಸ್ ಕೇಸು ಇದ್ದರೆ ಸಿಗುವುದಿಲ್ಲ ಅನ್ನುವ ಹೆದರಿಕೆ ಬೇರೆ. ಕಾಗದ ಬರೆಸಿದವನು ನಾನೇ. ಅವನಿಗೆ ಓದಿ ಹೇಳಿದವನೂ ನಾನೇ. ಇನ್ನು ಮೇಲೆ ನನ್ನಿಂದ ಶಾಂತಿಭಂಗ ಆಗುವುದಿಲ್ಲ, ಒಂದು ವರ್ಷ ಒಳ್ಳೆಯ ನಡತೆಯಿಂದ ಇರುತ್ತೇನೆ ಅಂತ ಇತ್ತು ಅದರಲ್ಲಿ.

ಅಜ್ಜನಿಗೆ ಸಹಿ ಬರುತ್ತಿತ್ತು, ನಿನಗೇ ಗೊತ್ತು. ನಿನ್ನ ಮಾರ್ಕ್ಸ್ ಕಾರ್ಡಿಗೆ ನನಗಿಂತ ಮೊದಲು ಅವನೇ ಹಾಕುತ್ತಿದ್ದ, ಪೂರ್ತಿ ಹೆಸರು, ಕೆಳಗೊಂದು ಗೆರೆ. ಆವತ್ತು ಪೆನ್ನು ಕೊಟ್ಟರೆ ಮುಟ್ಟಲಿಲ್ಲ. ಮೇಜಿನ ಮೇಲಿದ್ದ ಇಂಕ್ ಪ್ಯಾಡ್ ಎಳೆದುಕೊಂಡು ಎಡಗೈ ಹೆಬ್ಬೆಟ್ಟು ಒತ್ತಿದ. "ಇದು ನನ್ನ ಮಾತಲ್ಲ, ನನ್ನ ಹೆಸರು ಯಾಕೆ ಬರೀಲಿ" ಅಂದ, ನನಗೆ ಮಾತ್ರ ಕೇಳುವ ಹಾಗೆ. ಮನೆಗೆ ಬಂದವನೇ ಬಾವಿಕಟ್ಟೆಯಲ್ಲಿ ಕೂತು ತೆಂಗಿನ ನಾರು, ಬೂದಿ ಹಾಕಿ ಆ ಹೆಬ್ಬೆಟ್ಟು ತಿಕ್ಕಿದ. ಚರ್ಮ ಕೆಂಪಾಯಿತು. ಉಗುರಿನ ಸಂದಿಯಲ್ಲಿ ನೀಲಿ ಹಾಗೇ ಉಳಿಯಿತು. ನಾನು ನೀರು ಸೇದಿ ಹಾಕುತ್ತಾ ನಿಂತಿದ್ದೆ.

ಮುಚ್ಚಳಿಕೆ ಒಂದು ವರ್ಷದ್ದು. ಅಜ್ಜ ಸಾಯುವ ತನಕ ಪಾಲಿಸಿದ. ಹಿತ್ತಲಿನ ಕರಿ ಇಶಾಡ ಮಾವಿನ ಮರ ಬಿಟ್ಟು ಹೊರಡುವ ದಿನವೂ ಬಾಯಿ ಬಿಡಲಿಲ್ಲ. ಕಾಲೊನಿಗೆ ಬಂದ ಮೇಲೆ ಗ್ರಾಮಸಭೆಯಲ್ಲಿ ಹಿಂದೆ, ಬಾಗಿಲ ಹತ್ತಿರ ಕೂರುತ್ತಿದ್ದ. ನೀನು ಚಿಕ್ಕವಳಿದ್ದಾಗ "ಅಜ್ಜ ಯಾಕೆ ಯಾರ ಹತ್ತಿರಾನೂ ಮಾತಾಡಲ್ಲ" ಅಂತ ಕೇಳಿದ್ದೆ. ವಯಸ್ಸಾಯಿತು ಪುಟ್ಟಿ ಅಂದೆ. ಸುಳ್ಳು ಹೇಳಿದೆ. ಆ ದನಿಯನ್ನು ಕಳೆದವನು ನಾನು. ಅವನು ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಭಾನುವಾರ ನಿನ್ನ ಮುಂದೆ ಪೆನ್ನು ಹಿಡಿದು ನಿಂತಾಗ ನನಗೆ ಆ ಪ್ಯಾಡ್ ನೆನಪಾಗಲಿಲ್ಲ ನೋಡು. ನೀನು ಹೋದ ಮೇಲೆ ನೆನಪಾಯಿತು.

ನಿನ್ನ ಎಫ್‌ಐಆರ್ ಪ್ರತಿ ಓದಿದೆ. ಒಂಬತ್ತನೇ ಆರೋಪಿ ನೀನು. ಇನಿಶಿಯಲ್ ತಪ್ಪು ಬರೆದಿದ್ದಾರೆ. "ಅಕ್ರಮ ಕೂಟ" ಅಂತ ಇದೆ. ಐದು ಜನ ಅಥವಾ ಜಾಸ್ತಿ ಸೇರಿ ಅವರ ಉದ್ದೇಶ ಕಾನೂನು ಹೇಳುವ ಕೆಟ್ಟದ್ದಾಗಿದ್ದರೆ ಮಾತ್ರ ಅದು ಅಕ್ರಮ ಕೂಟ, ಸುಮ್ನೆ ಸೇರಿದ್ದಕ್ಕಲ್ಲ ಅಂತ ವಕೀಲರು ಬಿಡಿಸಿ ಹೇಳಿದರು. ಮೊದಲು ಐಪಿಸಿ 143 ಅನ್ನುತ್ತಿದ್ದರು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ 189 ಆಗಿದೆ. ಐಪಿಸಿ 1860ರದ್ದು, ಬ್ರಿಟಿಷರು ಮಾಡಿದ್ದು. 1930ರಲ್ಲಿ ಅಂಕೋಲೆಯವರು ಉಪ್ಪು ಮಾಡಿ ಕಾನೂನು ಮುರಿದಾಗ ಈ ದೇಶದಲ್ಲಿ ಇದ್ದದ್ದು ಅದೇ ಐಪಿಸಿ. ಈಗ ಅಂಕೋಲೆಯನ್ನು ಕರ್ನಾಟಕದ ಬಾರ್ಡೋಲಿ ಅಂತ ಹೆಮ್ಮೆಯಿಂದ ಕರೆಯುತ್ತೇವೆ. ಬಂದರು ಬೇಡ ಅಂದ ನಮ್ಮ ಮಕ್ಕಳಿಗೆ ಮಾತ್ರ ನೋಟಿಸ್ ಬರುತ್ತದೆ. ನನಗೆ ಸಿಟ್ಟು ಬಂತು. ಹೆಮ್ಮೆಯೂ ಆಯಿತು, ಮುಚ್ಚಿಡುವುದಿಲ್ಲ.

ಆದರೆ ಒಂದು ಮಾತಿಗೆ ನಾನು ಈಗಲೂ ಒಪ್ಪುವುದಿಲ್ಲ. ಹೆದ್ದಾರಿಯಲ್ಲಿ ಕೂತದ್ದು. ಬರೀ ನಲವತ್ತು ನಿಮಿಷ ಅಂದೆ. ಸ್ಟೇರಿಂಗ್ ಹಿಡಿದು ಕೂತವನಿಗೆ ಆ ನಲವತ್ತು ನಿಮಿಷ ಬೇರೆಯೇ. ಒಮ್ಮೆ ನನ್ನ ಬಸ್ಸಿನಲ್ಲಿ ಬಸುರಿಯೊಬ್ಬಳು ಹೊಟ್ಟೆ ಹಿಡಿದುಕೊಂಡು ಸೀಟಿನ ಕಂಬಿ ಕಚ್ಚುತ್ತಿದ್ದಳು, ಮುಂದೆ ರಸ್ತೆ ತಡೆ. ಇಳಿದು ಹೋಗಿ ಕೈಮುಗಿದೆ, ದಾರಿ ಬಿಟ್ಟರು. ಬಿಡದಿದ್ದರೆ? ಸಂವಿಧಾನದ 19ನೇ ವಿಧಿ ಮಾತಾಡುವ ಹಕ್ಕನ್ನೂ, ಆಯುಧ ಇಲ್ಲದೆ ಶಾಂತವಾಗಿ ಸೇರುವ ಹಕ್ಕನ್ನೂ ಕೊಟ್ಟಿದೆ ಅಂತ ನೀನೇ ಹೇಳಿದೆ. 2020ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೂ ಹೇಳಿದೆ: ಜನ ನ್ಯಾಯವಾಗಿ ಆಡುವ ಮಾತನ್ನು ಅಡಗಿಸಲು ಆಗಿನ 144ನೇ ಸೆಕ್ಷನ್ ನಿಷೇಧಾಜ್ಞೆ ಹಾಕುವಂತಿಲ್ಲ. ಅದೇ ವರ್ಷ ಅಕ್ಟೋಬರ್‌ನಲ್ಲಿ ಅದೇ ಕೋರ್ಟು ದಿಲ್ಲಿಯ ಶಾಹೀನ್ ಬಾಗ್ ಧರಣಿಯ ವಿಚಾರದಲ್ಲಿ ರಸ್ತೆಯನ್ನು ಎಷ್ಟು ದಿನ ಬೇಕಾದರೂ ಹಿಡಿದು ಕೂರುವಂತಿಲ್ಲ ಅಂದಿದೆ. ಎರಡನ್ನೂ ಓದು. ಮುಂದಿನ ಸಲ ಆಂಬುಲೆನ್ಸಿಗೆ, ಬಸುರಿ ಬಾಣಂತಿಗೆ ದಾರಿ ಬಿಡುವ ಜವಾಬ್ದಾರಿ ನೀನು ತಗೋ.

ಇನ್ನೂ ಒಂದಿದೆ. ಪೊಲೀಸರು ಎಳೆದರೂ ಕೈ ತಾಗಿಸಬೇಡ. ಕರ್ತವ್ಯದಲ್ಲಿದ್ದವರ ಮೇಲೆ ಕೈ ಮಾಡಿದಳು ಅಂತ ಬರೆದರೆ ಅದು ಜಾಮೀನು ಸುಲಭಕ್ಕೆ ಸಿಗದ ಕೇಸು. ಈಗ ಹಾಕಿರುವುದೆಲ್ಲ ಜಾಮೀನು ಸಿಗುವಂಥದ್ದು. ಗ್ರೂಪಿನಲ್ಲಿ ಬಂದದ್ದನ್ನೆಲ್ಲ ಓದದೆ ಮುಂದೆ ಕಳಿಸಬೇಡ. ರಾತ್ರಿ ಒಬ್ಬಳೇ ಠಾಣೆಗೆ ಹೋಗಬೇಡ. ಪಾಸ್‌ಪೋರ್ಟು, ಸರ್ಕಾರಿ ಕೆಲಸದ ವೆರಿಫಿಕೇಶನ್, ಇವೆಲ್ಲ ನೆನಪಾದಾಗ ನನಗೆ ನಿದ್ದೆ ಹತ್ತುವುದಿಲ್ಲ. ಮತ್ತೆ ಉಪದೇಶ ಶುರು ಮಾಡಿದೆ, ಅಲ್ವಾ? ಹೆದರಿಕೆ ಹೋಗಿಲ್ಲ ಪುಟ್ಟಿ, ಅದು ಹೋಗುವುದೂ ಇಲ್ಲ. ಹಾಗಂತ ನೀನು ಮುಚ್ಚಳಿಕೆ ಬರೆಯಬೇಡ. ತಹಸೀಲ್ದಾರರ ನೋಟಿಸಿಗೆ ವಕೀಲರು ಉತ್ತರ ಬರೆಯುತ್ತಾರೆ. ಯಾಕೆ ಬರೆದುಕೊಡಬೇಕು ಅಂತ ಕೇಳುವ ಹಕ್ಕು ನಿನಗಿದೆಯಂತೆ. ಅಜ್ಜನಿಗೆ ಅದನ್ನು ಹೇಳುವವರು ಇರಲಿಲ್ಲ. ನಾನೂ ಕೇಳಿಕೊಳ್ಳಲಿಲ್ಲ.

ಗುರುವಾರ ರಜೆ ಹಾಕಿದ್ದೇನೆ. ಜಾಮೀನಿಗೆ ಪಹಣಿ ಬೇಕು ಅಂದರು. ಕಾಲೊನಿಯ ಸೈಟಿಗೆ ಪಹಣಿ ಇಲ್ಲ. ಆಮೇಲೆ ತಗೊಂಡ ಹತ್ತು ಗುಂಟೆಯದ್ದು ನನ್ನ ಹೆಸರಲ್ಲಿದೆ, ಅದನ್ನು ತೆಗೆಸಿ ಆಧಾರ್ ಜೊತೆ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದೇನೆ. ನಿನ್ನ ಎರಡು ಫೋಟೋ ತಾ. ಧಾರವಾಡದಿಂದ ಬೆಳಗಿನ ಮೊದಲ ಬಸ್ಸು ಹಿಡಿ. ಕಾರವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುತ್ತೇನೆ. ಆಯಿ ಒಣ ಶೆಟ್ಲಿ ಚಟ್ನಿ, ಗಂಜಿ ಅನ್ನ ಕಟ್ಟಿಕೊಡುತ್ತಾಳೆ. ಕೋರ್ಟಿಗೆ ಹೋಗುವ ಮೊದಲು ಉಂಡು ಹೋಗೋಣ. ಎಷ್ಟು ಹೊತ್ತಿಗೆ ಕರೆಯುತ್ತಾರೋ ಏನೋ.

ನಿನ್ನ
ಅಪ್ಪ