ನಿರ್ವಹಣಾ ಶುಲ್ಕ ಎಲ್ಲಿಗೆ ಹೋಗುತ್ತಿದೆ?

ಮಾನ್ಯ ಸಂಪಾದಕರಿಗೆ,

ಕರಾವಳಿಯ ಟೈಮ್‌ಶೇರ್ ರೆಸಾರ್ಟಿನಲ್ಲಿ (ಮೊದಲೇ ಹಣ ಕಟ್ಟಿ ಸದಸ್ಯರಾದವರು ವರ್ಷಕ್ಕೆ ಕೆಲವು ದಿನ ತಂಗುವ ಜಾಗ) ಸದಸ್ಯರು ಗಲಾಟೆ ಮಾಡಿದರೆಂಬ ನಿಮ್ಮ ವರದಿಯಲ್ಲಿ ‘ಎ.ಸಿ. ಕೆಟ್ಟಿದ್ದಕ್ಕೆ ಮಾತಿನ ಚಕಮಕಿ’ ಎಂದಷ್ಟೇ ಇದೆ. ಜಗಳ ಬರೀ ಎ.ಸಿ.ಗಾಗಿ ಆಗಿದ್ದಲ್ಲ. ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಹೋದ ಎರಡು ಮನೆಯ ಏಳು ಜನ, ಅದರಲ್ಲಿ ಮೂರು ಮಕ್ಕಳು, ಒಬ್ಬರು ವಯಸ್ಸಾದ ಅಜ್ಜಿ, ನಾಲ್ಕು ರಾತ್ರಿ ಇರಬೇಕಾದವರು ಒಂದೇ ರಾತ್ರಿಗೆ ಚೀಲ ಕಟ್ಟಿದೆವು. ಕಟ್ಟಡ, ವೈರಿಂಗ್ ಕೆಲಸವೇ ನಮ್ಮ ಹೊಟ್ಟೆಪಾಡು. ಹಾಗಾಗಿ ಅಲ್ಲಿ ಕೆಟ್ಟಿದ್ದೇನು, ಯಾಕೆ ಕೆಟ್ಟಿತು ಎಂಬುದು ಗೊತ್ತಿದ್ದೇ ಬರೆಯುತ್ತಿದ್ದೇವೆ.

ಬಚ್ಚಲಿನ ನಲ್ಲಿ ಮುಟ್ಟಿದರೆ ಕೈ ಜುಮ್ಮೆನ್ನುತ್ತಿತ್ತು. ಗೀಸರಿನ ಹಿಂದೆ ಅರ್ಥಿಂಗ್ ತಂತಿ ತುಂಡಾಗಿ ಜೋತುಬಿದ್ದಿತ್ತು. ಬೋರ್ಡಿನಲ್ಲಿ ಕರೆಂಟು ಸೋರಿದರೆ ತಾನಾಗಿ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇತ್ತು, ಆದರೆ ಅದರ ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗಲೇ ಇಲ್ಲ. ಮೂರು ಸಲ ಒತ್ತಿದೆವು, ಕದಲಲಿಲ್ಲ. ಉಪ್ಪುಗಾಳಿಗೆ ಒಳಗಿನ ಸ್ಪ್ರಿಂಗು, ಕೊಂಡಿಗಳು ಕಿಲುಬು ಹಿಡಿದು ಅಂಟಿಕೊಳ್ಳುತ್ತವೆ. ತಿಂಗಳಿಗೊಮ್ಮೆ ಆ ಗುಂಡಿ ಒತ್ತಿ ನೋಡಿ ಎಂದು ತಯಾರಕರು ಹೇಳುವುದೇ ಅದಕ್ಕೆ. ಮೇ ತಿಂಗಳಲ್ಲಿ ಕರಾವಳಿಯ ಎಷ್ಟೋ ಬಾವಿಗಳ ನೀರು ಸವಳಾಗುತ್ತದೆ. ಸವಳು ನೀರು ಗೀಸರಿನ ಒಳಗಿರುವ ಮೆಗ್ನೀಸಿಯಂ ಕಡ್ಡಿಯನ್ನು ಬೇಗ ತಿಂದುಹಾಕುತ್ತದೆ. ಕಡ್ಡಿ ಮುಗಿದ ಮೇಲೆ ಟ್ಯಾಂಕಿಗೆ ತುಕ್ಕು ಹಿಡಿಯುತ್ತದೆ, ಕಾಯಿಲಿನ ಹೊದಿಕೆ ತೂತಾದರೆ ಕರೆಂಟು ನೀರಿಗೆ ಇಳಿಯುತ್ತದೆ. ವರ್ಷಕ್ಕೊಮ್ಮೆ ಕಡ್ಡಿ ಬಿಚ್ಚಿ ನೋಡಬೇಕು, ಅರ್ಧ ಸವೆದಿದ್ದರೆ ಹೊಸದು ಹಾಕಬೇಕು. ಮಕ್ಕಳು ಒದ್ದೆ ಕಾಲಲ್ಲಿ ನಿಂತು ಮೀಯುವ ಜಾಗ ಅದು!

ಎ.ಸಿ.ಯಿಂದ ನೀರು ಹಾಸಿಗೆಯ ಮೇಲೆಯೇ ಸುರಿಯಿತು. ಸಿಬ್ಬಂದಿ ಬಂದು ಮಂಚದ ಮೇಲೆ ಬಕೆಟ್ ಇಟ್ಟು ಹೋದರು. ಡ್ರೈನ್ ಪೈಪಿನಲ್ಲಿ ಲೋಳೆ ಕಟ್ಟಿದೆ, ಅಷ್ಟೇ. ಪೈಪು ಬಿಚ್ಚಿ ನೀರು ಹಾಯಿಸಿದರೆ ಅರ್ಧ ಗಂಟೆಯ ಕೆಲಸ. ಹೊರಗಿನ ಯೂನಿಟ್ಟಿನ ಅಲ್ಯೂಮಿನಿಯಂ ಪದರಗಳಂತೂ ಬೆರಳು ತಾಗಿದರೆ ಪುಡಿಯಾಗಿ ಉದುರುತ್ತಿದ್ದವು. ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ಉಪ್ಪು ತೊಳೆದಿದ್ದರೆ ಈ ಗತಿ ಬರುತ್ತಿರಲಿಲ್ಲ. ದಿಂಬು, ಕಪಾಟು ಎಲ್ಲ ಬೂಷ್ಟಿನ ವಾಸನೆ. ಅಜ್ಜಿ ರಾತ್ರಿಯಿಡೀ ಕೆಮ್ಮಿದರು.

ಎರಡನೇ ಮಹಡಿಯ ಬಾಲ್ಕನಿ ಕಟಕಟೆಯ ಬುಡ ತುಕ್ಕು ತಿಂದು ಕೈಯಿಟ್ಟರೆ ಅಲ್ಲಾಡುತ್ತದೆ. ಮೇಲಿನ ಸ್ಲ್ಯಾಬಿನಿಂದ ಅಂಗೈ ಅಗಲದ ಚಕ್ಕೆ ಬಿದ್ದು ಕಬ್ಬಿಣದ ಸರಳು ಕಾಣುತ್ತಿದೆ. ಕಡಲ ವಾತಾವರಣಕ್ಕೆ ತೆರೆದುಕೊಂಡ ಕಾಂಕ್ರೀಟಿನಲ್ಲಿ ಸರಳಿನ ಹೊರಗೆ 45 ಮಿಲಿಮೀಟರ್ ದಪ್ಪದ ಕಾಂಕ್ರೀಟ್ ಹೊದಿಕೆ (ಕವರ್) ಇರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನಕ ಐ.ಎಸ್. 456 ಹೇಳುತ್ತದೆ. ಚಕ್ಕೆ ಬಿದ್ದಲ್ಲಿ ಟೇಪು ಹಿಡಿದರೆ 15 ಕೂಡ ಇಲ್ಲ. ತುಕ್ಕು ಹಿಡಿದ ಸರಳು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ. ಸರಳಿನ ಹಿಂಭಾಗದವರೆಗೂ ಕೆತ್ತಿ, ತಂತಿ ಬ್ರಶ್ಶಿನಲ್ಲಿ ಹೊಳೆಯುವ ತನಕ ಉಜ್ಜಿ, ತುಕ್ಕುನಿರೋಧಕ ಬಳಿದು, ಪಾಲಿಮರ್ ಗಾರೆ ತುಂಬಬೇಕು. ಇವರು ಪಕ್ಕದ ಕೋಣೆಯಲ್ಲಿ ಮಾಡಿದ್ದು ಬರೀ ಪುಟ್ಟಿ, ಬಣ್ಣ. ಒಂದೇ ಮಳೆಗಾಲಕ್ಕೆ ಅದೂ ಉದುರುತ್ತದೆ, ಯಾರ ತಲೆಯ ಮೇಲೋ!

ಈಜುಕೊಳದ ನೀರು ಹಸಿರು, ತಳದ ಜಾಲರಿಯೇ ಕಾಣುವುದಿಲ್ಲ. ತಳ ಕಾಣದ ಕೊಳಕ್ಕೆ ಯಾರನ್ನೂ ಇಳಿಸಬಾರದು. ಮುಳುಗಿದವರು ಮೇಲಿನಿಂದ ಕಾಣುವುದಿಲ್ಲ. ಇಷ್ಟಾದರೂ ಕೊಳಕ್ಕೆ ಅಡ್ಡ ಹಗ್ಗವೂ ಇರಲಿಲ್ಲ.

ಕೇಳಿದರೆ, “ಸಮುದ್ರದ ಪಕ್ಕ ಅಲ್ವಾ ಸರ್, ಉಪ್ಪುಗಾಳಿಗೆ ಯಾವುದೂ ತಾಳೋದಿಲ್ಲ” ಎಂಬ ಉತ್ತರ. ನಮ್ಮ ಮೀನುಗಾರರ ಬೋಟುಗಳು ಅದೇ ಉಪ್ಪಿನಲ್ಲಿವೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ 61 ದಿನಗಳಲ್ಲಿ ಅವರು ಬೋಟು ಕೆರೆದು, ಬಣ್ಣ ಬಳಿದು, ಎಂಜಿನ್ ಬಿಚ್ಚಿ ಸರಿಮಾಡಿಕೊಳ್ಳುತ್ತಾರೆ. ಸಾಲ ಮಾಡಿ ಬದುಕುವವರಿಗೆ ಆಗುವುದು ಲಕ್ಷಗಟ್ಟಲೆ ಮುಂಗಡ ಪಡೆದವರಿಗೆ ಯಾಕೆ ಆಗುವುದಿಲ್ಲ? ಸದಸ್ಯತ್ವದ ಹಣ ಬೇರೆ, ವರ್ಷ ವರ್ಷ ನಿರ್ವಹಣಾ ಶುಲ್ಕ ಬೇರೆ. ಹೋಗಲಿ ಬಿಡಲಿ, ಶುಲ್ಕ ಕಟ್ಟಲೇಬೇಕು. ಒಂದು ವರ್ಷ ತಪ್ಪಿದರೆ ಬುಕಿಂಗ್ ಬಂದ್. ನಿರ್ವಹಣೆಗೆಂದೇ ವಸೂಲಿ ಮಾಡಿದ ಹಣದಲ್ಲಿ ಒಂದು ಅರ್ಥಿಂಗ್ ತಂತಿ ಜೋಡಿಸಲಾಗಲಿಲ್ಲವೆಂದರೆ ಅದು ಮೋಸ.

ಒಪ್ಪಂದದಲ್ಲಿ ‘ವ್ಯಾಜ್ಯವೇನಿದ್ದರೂ ನಮ್ಮ ಕೇಂದ್ರ ಕಚೇರಿಯ ಊರಿನಲ್ಲೇ’ ಎಂದು ಬರೆದಿದ್ದಾರೆ. ಇದನ್ನು ಓದಿ ಹೆದರಿ ಸುಮ್ಮನಾದ ಸದಸ್ಯರು ಬಹಳ ಇದ್ದಾರೆ, ಅವರು ಗಮನಿಸಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ತಾವು ವಾಸವಿರುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು, ನಮಗಾದರೆ ಕಾರವಾರದಲ್ಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ತೊಂದರೆಯಾದ ದಿನದಿಂದ 2 ವರ್ಷದೊಳಗೆ ಕೊಡಬೇಕು. ದಿನಾಂಕ ಬರುವಂತೆ ಫೋಟೊ ತೆಗೆಯಿರಿ, ರೆಸಾರ್ಟ್ ಬಿಡುವ ಮೊದಲು ಇ-ಮೇಲಿನಲ್ಲಿ ದೂರು ಕಳಿಸಿ, ಶುಲ್ಕದ ರಸೀದಿ ಎತ್ತಿಡಿ. ಬಾಯಿಮಾತಿನ ದೂರು ಎಲ್ಲೂ ನಿಲ್ಲುವುದಿಲ್ಲ. ಸಹಾಯವಾಣಿ 1915.

ಇನ್ನು ಅಧಿಕಾರಿಗಳು. ಪರವಾನಗಿ ನವೀಕರಿಸುವವರು ಒಮ್ಮೆಯಾದರೂ ಕೋಣೆಯ ಒಳಗೆ ಕಾಲಿಟ್ಟಿದ್ದಾರೆಯೇ? ಅಲ್ಲಿನ ಅಗ್ನಿಶಾಮಕ ಸಿಲಿಂಡರಿನ ಮುಳ್ಳು ಕೆಂಪಿಗೆ ಬಂದು ನಿಂತಿದೆ. ನಮ್ಮ ಜಿಲ್ಲೆಯಲ್ಲಿ ಎಲ್ಲವೂ ಆದ ಮೇಲೇ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಜಾರಿದ ಮೇಲೆ ಗುಡ್ಡ ನೋಡಲು ಬಂದರು, ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಕುಸಿದ ಮೇಲೆ ಸೇತುವೆ ನೋಡಲು ಬಂದರು. ಘಟ್ಟದ ರಸ್ತೆಯ ಕತೆ ಶಿರಸಿಯವರಿಗೆ ಹೇಳಬೇಕಿಲ್ಲ. ದೊಡ್ಡ ಆಸ್ಪತ್ರೆ ಕೊಡಿ ಎಂದು ಎಷ್ಟು ವರ್ಷದಿಂದ ಕೂಗುತ್ತಿದ್ದೇವೆ? ತಲೆಗೆ ಪೆಟ್ಟಾದರೆ ಇಂದಿಗೂ ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಓಡಬೇಕು. ಆ ಕಟಕಟೆಯಿಂದ ಒಂದು ಮಗು ಬಿದ್ದರೆ ಹೊಣೆ ಯಾರು?

ರೆಸಾರ್ಟಿನವರು ದುರಸ್ತಿ ಮಾಡಲಿ, ಹಣವನ್ನೂ ವಾಪಸ್ ಕೊಡಲಿ; ಎರಡನ್ನೂ ಮಾಡಬೇಕು. ಅಧಿಕಾರಿಗಳು ಹೋಗಿ ನೋಡಲಿ, ನೋಟಿಸ್ ಕೊಡಲಿ, ಬೀಗ ಹಾಕಲಿ, ಏನಾದರೂ ಮಾಡಲಿ. ಸಂಬಳ ತೆಗೆದುಕೊಳ್ಳುವವರಿಗೆ ಸ್ವಲ್ಪವಾದರೂ ನಾಚಿಕೆ ಬೇಡವೇ? ಮಳೆ ಹಿಡಿಯುವ ಮೊದಲು ಯಾರಾದರೂ ಆ ಬಾಲ್ಕನಿಯ ಬಾಗಿಲಿಗಾದರೂ ಮೊಳೆ ಹೊಡೆಸಿ.

— ನೊಂದ ಸದಸ್ಯರು, ಶಿರಸಿ