ಸ್ಟೆಂಟ್ ಹಾಕಿದ್ಮೇಲೂ ಎಲ್ಲಾ ಪರ್ಫೆಕ್ಟ್ ಆಗ್ಲೇಬೇಕಾ?

ಮಾನ್ಯ ಸಂಪಾದಕರೇ,

ಹಾರ್ಟ್ ಪೇಷಂಟ್‌ಗಳಿಗೆ ಎಲ್ರೂ ಎಣ್ಣೆ, ಉಪ್ಪು, ಸಿಗರೇಟಿನ ಬುದ್ಧಿ ಹೇಳ್ತಾರೆ, ಸರಿನೇ, ಆದ್ರೆ ಎಲ್ಲಾ ಅಚ್ಚುಕಟ್ಟಾಗೇ ಇರ್ಬೇಕು ಅನ್ನೋ ಹಠದ ಬಗ್ಗೆ ಯಾರೂ ಮಾತೇ ಎತ್ತಲ್ಲ. ನಮ್ಮ ಮಾವನವರಿಗೆ ಸ್ಟೆಂಟ್ ಹಾಕಿದ್ಮೇಲೆ ಆ ಹಠ ಆಫೀಸ್ ಫೈಲಿಂದ ಬಿಪಿ ಮಷೀನಿಗೆ ಬಂತು ಅಷ್ಟೇ. 130 ಬದಲು 134 ತೋರಿಸಿದ್ರೆ ತೋಳಿನ ಪಟ್ಟಿ ಬಿಚ್ಚದೇ ಮತ್ತೆ ಮತ್ತೆ ಬಟನ್ ಒತ್ತೋದು, ಸ್ಕೇಲಿಟ್ಟು ಗೆರೆ ಹಾಕಿದ ನೋಟ್‌ಬುಕ್ಕಲ್ಲಿ ಕೆಂಪಿಂಕಲ್ಲಿ ಬರೆಯೋದು. ಟೆನ್ಶನ್ನಿಗೆ ಅಡ್ರಿನಲಿನ್ ಅನ್ನೋ ಹಾರ್ಮೋನ್ ಏರಿ ಬಿಪಿ ಇನ್ನೂ ಏರುತ್ತೆ, ಐದು ನಿಮಿಷ ಸುಮ್ನೆ ಕೂತು ನೋಡಿ ಅಂದ್ರೆ ಕೇಳ್ಬೇಕಲ್ಲ!

1950ರ ದಶಕದಲ್ಲೇ ಅಮೆರಿಕದ ಫ್ರೀಡ್‌ಮನ್, ರೋಸೆನ್‌ಮನ್ ಅನ್ನೋ ಹೃದ್ರೋಗ ತಜ್ಞರು ‘ಟೈಪ್ ಎ’ ಸ್ವಭಾವಕ್ಕೂ (ಸದಾ ಅವಸರ, ಪೈಪೋಟಿ, ಎಲ್ಲದಕ್ಕೂ ಹಠ) ಹೃದ್ರೋಗಕ್ಕೂ ನಂಟಿದೆ ಅಂದಿದ್ರು, ಆಮೇಲಿನ ಸಂಶೋಧನೆಗಳು ಅದನ್ನ ಪೂರ್ತಿ ಒಪ್ಪದೆ ಸಿಟ್ಟು, ಹಗೆತನದ ಕಡೆ ಬೆರಳು ತೋರಿಸಿದ್ವು. ಆದ್ರೂ 52 ದೇಶಗಳ ಇಂಟರ್‌ಹಾರ್ಟ್ ಅಧ್ಯಯನ 2004ರಲ್ಲಿ ಮಾನಸಿಕ ಒತ್ತಡವನ್ನ ಹಾರ್ಟ್ ಅಟ್ಯಾಕಿನ ಮುಖ್ಯ ಅಪಾಯಗಳ ಸಾಲಿಗೆ ಸೇರಿಸಿದೆ.

ಡಿಸ್ಚಾರ್ಜ್ ದಿನ ಡಯಟ್ ಚೀಟಿ ಕೊಡೋ ಆಸ್ಪತ್ರೆಗಳು ಪೇಷಂಟನ್ನ ಕೌನ್ಸೆಲರ್ ಹತ್ರನೂ ಸ್ವಲ್ಪ ಹೊತ್ತು ಕೂರಿಸಲಿ, ಜೊತೆಗೆ ಮನೆಯವರನ್ನೂ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಹೇಗೂ ಇದೆ, ಹೃದ್ರೋಗದ ಒಪಿಡಿಗೂ ಅದನ್ನ ಜೋಡಿಸೋಕೆ ಆರೋಗ್ಯ ಇಲಾಖೆಗೇನು ಕಷ್ಟ?

– ಓದುಗರೊಬ್ಬರು, ತುಮಕೂರು