ಎರಡು ಡಬ್ಬದ ಬಾಕಿ

ಆಯಿ, ಅಂದರೆ ನನ್ನ ಅಮ್ಮ, ಆಸ್ಪತ್ರೆಯಿಂದ ಮನೆಗೆ ಬಂದು ಇವತ್ತಿಗೆ ಆರು ದಿನ. ನಿನ್ನೆ ಸಂಕ್ರಾಂತಿಗೆ ದೇವರ ಮುಂದೆ ತಾನೇ ದೀಪ ಹಚ್ಚಿದಳು. ಹಚ್ಚಿದವಳೇ ನನ್ನ ಕಡೆ ತಿರುಗಿ "ಬತ್ತಿ ಸಮಾ ಹೊಸೆದ್ದಿಲ್ಲೆ ಕೂಸೆ" ಅಂತ ಬೈದಳು. ಬೈಸಿಕೊಂಡು ಇಷ್ಟು ಖುಷಿಪಟ್ಟದ್ದು ನೆನಪಿಲ್ಲ. ಏನಾಗಿತ್ತು, ಯಾವ ಆಪರೇಷನ್ನು, ಎಷ್ಟು ದಿನ ಐಸಿಯು, ಇದೆಲ್ಲ ನಿಮಗೆ ಗೊತ್ತಿದ್ದದ್ದೇ. ದಿನಕ್ಕೆ ನಾಲ್ಕು ಸಲ ಫೋನು ಮಾಡಿ ಕೇಳಿದವರು ನೀವು. ಅದನ್ನು ಮತ್ತೆ ಬರೆಯುವುದಿಲ್ಲ.

ನಮ್ಮ ಆಫೀಸಿಗೆ ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ರಜೆ. ಜೊತೆಯವರು ಆ ವಾರ ಗೋಕರ್ಣ, ಮುರುಡೇಶ್ವರ ಅಂತ ನಮ್ಮ ಜಿಲ್ಲೆಗೇ ಬರುತ್ತಾರೆ. ನಾನೂ ಬರುತ್ತೇನೆ, ಆದರೆ ಘಟ್ಟ ಇಳಿಯುವುದಿಲ್ಲ. ಶಿರಸಿ ಸೀಮೆಯಲ್ಲಿ ಅದು ಕೊನೆ ಕೊಯ್ಲಿನ, ಅಂದರೆ ಅಡಕೆ ಗೊನೆ ಇಳಿಸುವ ಹೊತ್ತು. ಕೊನೆಗೌಡ ಮರದ ತುದಿಯಲ್ಲಿ, ಹಗ್ಗ ಹಿಡಿದವನು ಬುಡದಲ್ಲಿ, ಅಂಗಳದ ತುಂಬ ಹಸಿ ಅಡಕೆ. ರಾತ್ರಿ ಸುಲಿತ. ಈಗ ಬಹಳ ಕಡೆ ಸುಲಿಯುವ ಮಷಿನ್ ಬಂದಿದೆ. ನಮ್ಮದು ಸಣ್ಣ ತೋಟ, ಇನ್ನೂ ಮೆಟ್ಟುಗತ್ತಿಯೇ. ಊರಿನ ಏಳೆಂಟು ಹೆಂಗಸರು ಸಾಲಾಗಿ ಕೂರುತ್ತಾರೆ. ಕೂಲಿ, ಸುಲಿದ ಅಡಕೆ ಅಳೆಯುವ ಡಬ್ಬದ ಲೆಕ್ಕದಲ್ಲಿ. ಆ ಲೆಕ್ಕ ಬರೆಯುವುದು ಹೈಸ್ಕೂಲಿನಿಂದಲೂ ನನ್ನ ಕೆಲಸ. ಮದುವೆಯಾಗಿ ಹೋದಮೇಲೂ ಪಟ್ಟಿ ಪುಸ್ತಕ ಬಿಟ್ಟುಕೊಟ್ಟಿಲ್ಲ.

ಡಿಸೆಂಬರ್ 24ರ ರಾತ್ರಿ ಆಯಿ ಎಲ್ಲರಿಗೂ ಕಷಾಯ ತಂದಳು. ಚರಿಗೆ ಕೆಳಗಿಟ್ಟಳು, ಗೋಡೆ ಹಿಡಿದಳು, ಹಾಗೇ ಕುಸಿದಳು. ಪಕ್ಕದಲ್ಲಿ ಸುಲಿಯಲು ಕೂತಿದ್ದ ಊರಿನ ಅಕ್ಕ ಮೆಟ್ಟುಗತ್ತಿ ಆಚೆ ತಳ್ಳಿ ಆಯಿಯ ತಲೆಯನ್ನು ತೊಡೆಯ ಮೇಲೆ ಹಿಡಿದುಕೊಂಡಳು. (ಹೆಸರು ಹಾಕಬೇಡ ಎಂದಿದ್ದಾಳೆ, ಅದಕ್ಕೇ ಬರೀ ಅಕ್ಕ. ಬಹುವಚನ ಹಾಕಿದರೆ ಅವಳೇ ನಕ್ಕಾಳು.) ಕಾರು ಬಂತು. ತಲೆ ತೊಡೆಯ ಮೇಲಿತ್ತಲ್ಲ, ಹಾಗೇ ಹತ್ತಿದಳು. ಶಿರಸಿಯಲ್ಲಿ ಡಾಕ್ಟರು ನೋಡಿ "ತಡ ಮಾಡಬೇಡಿ, ಹುಬ್ಬಳ್ಳಿಗೆ ಒಯ್ಯಿರಿ" ಎಂದಾಗಲೂ ಇಳಿಯಲಿಲ್ಲ.

ನಮ್ಮ ಜಿಲ್ಲೆಯಲ್ಲಿ ದೊಡ್ಡ ಕಾಯಿಲೆ ಬಂದರೆ ಹುಬ್ಬಳ್ಳಿ, ಮಣಿಪಾಲ, ಮಂಗಳೂರು; ಕಾರವಾರದವರಿಗೆ ಗೋವಾ. 2022ರಲ್ಲಿ ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಜನ ಎದ್ದಾಗ ನಾನೂ ಬೆಂಗಳೂರಿನಲ್ಲಿ ಕೂತು ಹ್ಯಾಶ್‌ಟ್ಯಾಗ್ ಹಾಕಿದ್ದೆ. ಆ ನೂರು ಕಿಲೋಮೀಟರ್ ಎಷ್ಟು ಉದ್ದ ಎಂದು ಗೊತ್ತಾದದ್ದು ಈಗ. ಕಾಡಿನ ರಸ್ತೆ, ಎದುರಿಗೆ ಇಬ್ಬನಿ. ಮುಂಡಗೋಡದ ಹತ್ತಿರ ಒಂದು ಮನೆಯ ಮುಂದೆ ನಕ್ಷತ್ರದ ಗೂಡುದೀಪ ಉರಿಯುತ್ತಿತ್ತು. ಆಯಿಯ ಉಸಿರು ಎಣಿಸುತ್ತಿದ್ದ ನಾನು ಅದನ್ನು ನೋಡಿ ಲೆಕ್ಕ ತಪ್ಪಿದೆ. ಅಕ್ಕ ತಪ್ಪಿರಲಿಲ್ಲ. "ಬತ್ತಾ ಇದೆ, ಉಸ್ರು ಬತ್ತಾ ಇದೆ" ಅಂತ ಹೇಳುತ್ತಲೇ ಇದ್ದಳು.

ಆಸ್ಪತ್ರೆಯ ಒಳಬಾಗಿಲಲ್ಲಿ ಕಾವಲಿನವನು ತಡೆದ. ಅಕ್ಕನ ಉಟ್ಟ ಸೀರೆಯ ತುಂಬ ಅಡಕೆ ಕಲೆ, ಎರಡೂ ಕೈ ಚೊಗರಿನಿಂದ ಕಪ್ಪು. "ಇವರು ಯಾರು? ನಿಮ್ಮವರಾ?" ಎಂದು ನನ್ನನ್ನೇ ಕೇಳಿದ.

ಹೌದು ಎನ್ನಲು ನನಗೆ ಹೊತ್ತು ಹಿಡಿಯಿತು. ಎಷ್ಟು ಎಂದು ಹೇಳಲಾರೆ, ಆದರೆ ಅಷ್ಟರೊಳಗೆ ಅಕ್ಕ "ನಾ ಹೊರಗೇ ಕೂತಿರ್ತೆ, ನೀವ್ ಹೋಗಿ ತಂಗಿ" ಎಂದು ಹಿಂದೆ ಸರಿದಾಗಿತ್ತು. ಆಮೇಲೆ "ನಮ್ಮ ದೊಡ್ಡಮ್ಮ" ಎಂದೆ. ಎಂದದ್ದು ಆಮೇಲೆ. ಇದನ್ನು ಬರೆಯದೆ ಈ ಪತ್ರ ಮುಗಿಸಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಸುಲಿತದವರ ಲೋಟ ಬೇರೆ, ಅದನ್ನಿಡುವ ಗೂಡು ಬೇರೆ. ಹದಿನೈದು ವರ್ಷ ಆ ಲೋಟದಲ್ಲಿ ಚಾ ಕುಡಿದವಳು ನನ್ನ ತಾಯಿಯ ತಲೆಯನ್ನು ಮೂರು ತಾಸು ಅಲುಗದಂತೆ ಹಿಡಿದು ತಂದಿದ್ದಳು, ನಾನು ಬಾಗಿಲಲ್ಲಿ ಯೋಚನೆ ಮಾಡಿದೆ.

ರಾತ್ರಿಯಿಡೀ ಬೆಂಚಿನ ಮೇಲೆ ಇಬ್ಬರೇ. ಅಕ್ಕ ಒಂದು ಸಲವೂ "ಎಲ್ಲ ಸರಿ ಆಗ್ತದೆ" ಅನ್ನಲಿಲ್ಲ. ತೋಟಕ್ಕೆ ಬರುವ ಮಂಗಗಳ ಕತೆ ಹೇಳಿದಳು. ಯಾರ ಮನೆಯ ಅಡಕೆ ಸುಲಿಯಲು ಸಲೀಸು, ಯಾರದ್ದು ಬೆರಳು ಕೊಯ್ಯುತ್ತದೆ ಎಂದಳು. ಕವಳ ಹಾಕಿದ್ದಳು, ಉಗುಳಲು ಜಾಗವಿಲ್ಲ. ಬಾಯಿ ಮುಚ್ಚಿಕೊಂಡೇ ಮಾತಾಡಿದಳು, ಅಂಥ ಹೊತ್ತಿನಲ್ಲೂ ನನಗೆ ನಗು ಬಂತು. ಮೂರು ಗಂಟೆಗೆ ಡಾಕ್ಟರು ಹೊರಗೆ ಬಂದು ಹೇಳಿದ್ದನ್ನು ಕೇಳಿದಮೇಲೆ ನಗು ಇಲ್ಲ, ಮಾತೂ ಇಲ್ಲ. ನನ್ನ ಕೈ ಅವಳ ಕೈಯಲ್ಲಿತ್ತು. ಅಂಗೈ ಮರದ ತೊಗಟೆಯ ಹಾಗೆ ಒರಟು, ಹಸಿ ಅಡಕೆಯ ಒಗರು ವಾಸನೆ. ಅವಳ ಬೆರಳುಗಳು ಸುಮ್ಮನಿರಲಿಲ್ಲ, ಕಾಣದ ಅಡಕೆಯನ್ನು ಸುಲಿಯುತ್ತಲೇ ಇದ್ದವು. ಬೆಳಕು ಹರಿಯುವಾಗ ಕ್ಯಾಂಟೀನಿನಲ್ಲಿ ಒಂದೇ ಚಾ ಸಿಕ್ಕಿತು. ಒಂದೇ ಕಪ್ಪಿನಲ್ಲಿ ಇಬ್ಬರೂ ಕುಡಿದೆವು. ಮೊದಲು ಅವಳು.

ಮೂರನೆಯ ದಿನ, ಆಯಿ ಕಣ್ಣುಬಿಟ್ಟಮೇಲೆ, "ಮನೇಲಿ ಕರು ಅದೆ" ಎಂದು ಬಸ್ಸು ಹತ್ತಿದಳು.

ಉಳಿದವರಿಗೂ ಹೇಳಬೇಕು. ಇಬ್ಬನಿಯಲ್ಲಿ ಕಾರು ಓಡಿಸಿದ ಚಿಕ್ಕಪ್ಪನ ಮಗನಿಗೆ, ರಜೆಯ ನೂಕುನುಗ್ಗಲಿನಲ್ಲಿ ಸೀಟಿಲ್ಲದ ಬಸ್ಸಿನಲ್ಲಿ ನಿಂತೇ ಬಂದ ನನ್ನವರಿಗೆ, ರಕ್ತ ಕೊಟ್ಟ ಇಬ್ಬರು ಹುಡುಗರಿಗೆ, ಡಾಕ್ಟರು, ನರ್ಸುಗಳಿಗೆ, ತಮ್ಮ ಹಬ್ಬದ ನಡುವೆಯೂ ಡಬ್ಬಿ ತುಂಬ ಕ್ರಿಸ್‌ಮಸ್ಸಿನ ಸಿಹಿ ದೋಡೊಲ್ ಕಳಿಸಿದ ಕಾರವಾರದ ಗೆಳತಿಗೆ ನಮಸ್ಕಾರ. ಆ ರಾತ್ರಿ ಅರ್ಧಕ್ಕೆ ನಿಂತ ರಾಶಿಯನ್ನು ಕೆಳಮನೆಯವರೂ ಉಳಿದ ಹೆಂಗಸರೂ ಕೂತು ಸುಲಿದು, ಹಂಡೆಗೆ ಹಾಕಿ ಬೇಯಿಸಿ, ಅಪ್ಪಯ್ಯನಿಗೆ ಗಂಜಿ ಕುಡಿಸಿ ಮಲಗಿಸಿದ್ದರಂತೆ. ನನಗೆ ಗೊತ್ತಾದದ್ದು ವಾರ ಕಳೆದಮೇಲೆ. ಡಿಸೆಂಬರ್ 31ರ ರಾತ್ರಿ ಆಸ್ಪತ್ರೆಯ ಕಿಟಕಿಯಿಂದ ಪಟಾಕಿ ನೋಡುತ್ತ ಆಯಿಗೆ ಇದನ್ನು ಹೇಳಿದರೆ, "ಚೊಗರು ಚೆಲ್ಲಿದ್ವಿಲ್ಲೆ ಅಲ್ದಾ?" ಎಂದು ಅಡಕೆ ಬೇಯಿಸಿದ ನೀರಿನ ಬಗ್ಗೆ ಕೇಳಿದಳು.

ನಿನ್ನೆ ಸಂಜೆ ಅಕ್ಕ ಬಂದಿದ್ದಳು. ಒಳಗೆ ಬಾ ಎಂದರೆ "ಇಲ್ಲೇ ಗಾಳಿ ಅದೆ" ಎಂದು ಜಗಲಿಯಲ್ಲೇ ಕೂತಳು. ಆಯಿ ಗೋಡೆ ಹಿಡಿದು ಹೊರಗೆ ಬಂದು ಅವಳ ಪಕ್ಕದಲ್ಲಿ ಕೂತಳು. ನಾನು ಒಂದು ಲಕೋಟೆ ತೆಗೆದಿಟ್ಟಿದ್ದೆ, ಕೊಡಲು ಹೋದೆ.

"ಇದೆಂತಕ್ಕೆ?" ಮುಖ ಗಂಟಿಕ್ಕಿತು. ಲಕೋಟೆಯನ್ನು ಮುಟ್ಟಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, "ಅವತ್ತಿನ ಎರಡ್ ಡಬ್ಬ ಬರ್ದಿರಾ ತಂಗಿ?" ಎಂದಳು.

ಬರೆದಿರಲಿಲ್ಲ. ಪುಸ್ತಕ ತಂದೆ. 24ರ ಪುಟದಲ್ಲಿ ಅವಳ ಹೆಸರಿನ ಎದುರು ಖಾಲಿ. ಪೆನ್ನು ಊರಿದ್ದೇ ತಡ, ಆಯಿ ಬಗ್ಗಿ ನೋಡಿದಳು. ಆ ರಾತ್ರಿಯದು ಒಂದೂ ನೆನಪಿಲ್ಲ ಎನ್ನುತ್ತಿದ್ದವಳು.

"ಎರಡಲ್ದೇ, ಎರಡೂವರೆ. ಆನು ನೋಡಿದ್ದಿ."